ಸೌದೆ ಸೀಳುವ ಮಿಷನ್ನು

ಅಡಿಕೆ ಬೇಯಿಸೋದಕ್ಕೆ, ಬಚ್ಚಲ ಒಲೆಗೆ ನಮ್ಮ ಮಲೆನಾಡಿನಲ್ಲಿ ಸೌದೆ ಎಷ್ಟಿದ್ದರೂ ಸಾಲದು. ಮಳೆ ಹಿಡಿಯುವ ಮೊದಲೇ ಸೀಳಿ ಕೊಟ್ಟಿಗೆ ತುಂಬಬೇಕು. ಮೊದಲೆಲ್ಲ ಕೊಡಲಿ, ಬೆಣೆ, ಸುತ್ತಿಗೆ ಇದ್ದರೆ ಆಗುತ್ತಿತ್ತು. ಈಗ ಕೊಡಲಿ ಹಿಡಿಯುವ ಆಳು ಸಿಗೋದಿಲ್ಲ. ಅದಕ್ಕೇ ನಮ್ಮ ಚಿಕ್ಕಪ್ಪ ಈ ಬೇಸಿಗೆಯಲ್ಲಿ ಒಂದು ಮಿಷನ್ನು ತಗೋಬೇಕು ಅಂತ ಹೊರಟಿದ್ದಾರೆ. ಮನೆಯಲ್ಲಿ ದಿನಾ ಅದೇ ಚರ್ಚೆ. ಮಿಷನ್ನು ಬಂದರೆ ಅದರ ಮುಂದೆ ನಿಲ್ಲೋನು ನಮ್ಮಣ್ಣ. ಹಾಗಾಗಿ ನಾನು ಕಂಡದ್ದನ್ನೂ, ವಿಜ್ಞಾನದ ಮೇಷ್ಟ್ರ ಹತ್ತಿರ ಕೇಳಿ ತಿಳಿದದ್ದನ್ನೂ ಇಲ್ಲಿ ಬರೆದಿದ್ದೇನೆ.

ಒಂದು ಜಾತಿ ತಿರುಪಿನದು. ಕ್ಯಾರೆಟ್ ಆಕಾರದ ಕಬ್ಬಿಣದ ಮೊನೆ, ಅದರ ಮೈಮೇಲೆ ಸ್ಕ್ರೂವಿಗೆ ಇರುವ ಹಾಗೆ ಮರೆ. ಮೋಟಾರೋ ಟ್ರಾಕ್ಟರೋ ಅದನ್ನು ತಿರುಗಿಸುತ್ತದೆ. ಕುಂಟೆಯನ್ನು ಒತ್ತಿ ಹಿಡಿದರೆ ಮೊನೆ ತಾನೇ ಒಳಗೆ ನುಗ್ಗಿ ಚಟಾರ್ ಅಂತ ಸೀಳಿ ಹಾಕುತ್ತದೆ. ಬೆಲೆಯೂ ಕಡಿಮೆ. ಪಕ್ಕದೂರಿಗೆ ಬಂದಿದ್ದಾಗ ನಾವು ಆರೇಳು ಹುಡುಗರು ನೋಡೋಕೆ ಹೋಗಿದ್ವಿ. ನೋಡೋಕೇನೋ ಬಲು ಚಂದ. ಆದರೆ ನಡೆಸುವ ಅಣ್ಣ ಹೆಗಲ ಮೇಲೆ ಟವೆಲ್ ಹಾಕಿಕೊಂಡು ಮೊನೆಗೆ ಒಂದು ಗೇಣು ದೂರದಲ್ಲಿ ಬಗ್ಗಿ ನಿಂತಿದ್ದ. ಆ ಮೊನೆಗೆ ಕುಂಟೆ ಯಾವುದು, ಟವೆಲ್ ಯಾವುದು ಅಂತ ಗೊತ್ತಾಗೋದಿಲ್ಲ. ಬಟ್ಟೆಯ ಚುಂಗು ಸಿಕ್ಕರೂ ಸುತ್ತಿಕೊಂಡು ಮನುಷ್ಯನನ್ನೇ ಎಳೆಯುತ್ತದೆ. ಸಡಿಲವಾದ ಕೈಗವಸು ಹಾಕಿದರೆ ಇನ್ನೂ ಅಪಾಯ. ಗಂಟಿನ ಕುಂಟೆಯಾದರೆ ಸೀಳದೆ ಕಚ್ಚಿಕೊಂಡು ಕುಂಟೆಯೇ ಗರಗರ ತಿರುಗಿ ಬಡಿಯಬಹುದು. ಅದಕ್ಕೆ ಕೆಳಗೆ ಗಟ್ಟಿ ತಡೆ ಇರಬೇಕು, ಕೈಗೆ ಎಟಕುವ ಹಾಗೆ ನಿಲ್ಲಿಸುವ ಸ್ವಿಚ್ಚು ಇರಬೇಕು. ನಾವು ನೋಡಿದ ಮಿಷನ್ನಿನ ಸ್ವಿಚ್ಚು ಎಲ್ಲಿತ್ತು ಗೊತ್ತೇ? ಅಂಗಳದ ಆಚೆ ಜಗಲಿ ಗೋಡೆಯಲ್ಲಿ!

ಇನ್ನೊಂದು ಹೈಡ್ರಾಲಿಕ್. ಇದರಲ್ಲಿ ಪಂಪು ಎಣ್ಣೆಯನ್ನು ಸಿಲಿಂಡರಿಗೆ ಒತ್ತುತ್ತದೆ, ಸಿಲಿಂಡರಿನ ದಂಡ ಕುಂಟೆಯನ್ನು ಬೆಣೆಗೆ ಒತ್ತುತ್ತದೆ. ನಾವು ಪಾಠದಲ್ಲಿ ಓದಿದ ಪ್ಯಾಸ್ಕಲನ ನಿಯಮವೇ. 1795ರಲ್ಲಿ ಇಂಗ್ಲೆಂಡಿನ ಜೋಸೆಫ್ ಬ್ರಾಮಾ ಪೇಟೆಂಟ್ ಪಡೆದ ಒತ್ತುಯಂತ್ರದ ತತ್ವವೂ ಇದೇ. ಮೇಷ್ಟ್ರು ಬೋರ್ಡಿನ ಮೇಲೆ ಲೆಕ್ಕ ಮಾಡಿಸಿದರು. ಸಿಲಿಂಡರಿನ ವ್ಯಾಸ 10 ಸೆಂ.ಮೀ. ಇದ್ದರೆ ವಿಸ್ತೀರ್ಣ ಸುಮಾರು 78.5 ಚದರ ಸೆಂ.ಮೀ. ಪ್ರತಿ ಚದರ ಸೆಂ.ಮೀ.ಗೆ 200 ಕಿಲೋ ಒತ್ತಡವಾದರೆ ಒಟ್ಟು 15,700 ಕಿಲೋ! ತುಂಬಿದ ಲಾರಿಯ ಭಾರ. ದಂಡ ನಿಧಾನವಾಗಿ ಬರುವುದರಿಂದ ಜನ ಅದನ್ನು ಸಾಧು ಅಂದುಕೊಳ್ಳುತ್ತಾರೆ. ಅದು ಬೆರಳಿಗೆ ಸಿಕ್ಕಿದರೆ ನಿಲ್ಲೋದಿಲ್ಲ.

ಒಳ್ಳೆಯ ಮಿಷನ್ನಿಗೆ ಎರಡು ಹಿಡಿ ಇರುತ್ತವೆ. ಎರಡನ್ನೂ ಎರಡು ಕೈಯಲ್ಲಿ ಹಿಡಿದರೆ ಮಾತ್ರ ದಂಡ ಮುಂದಕ್ಕೆ ಬರುತ್ತದೆ, ಒಂದು ಕೈ ಬಿಟ್ಟರೆ ನಿಲ್ಲುತ್ತದೆ. ಎರಡು ಕೈಯೂ ಹಿಡಿಯ ಮೇಲಿದ್ದ ಮೇಲೆ ಬೆಣೆಯ ಹತ್ತಿರ ಹೋಗೋದು ಯಾವ ಕೈ? ಎಷ್ಟು ಸರಳ ಉಪಾಯ ನೋಡಿ. ಯುರೋಪಿನಲ್ಲಿ ಇಂಥ ಯಂತ್ರಗಳಿಗೆ ಇ.ಎನ್. 609 ಅಂತ ಮಾನದಂಡವೇ ಇದೆ, ಬೆಣೆಯದಕ್ಕೆ ಒಂದು ಭಾಗ, ತಿರುಪಿನದಕ್ಕೆ ಇನ್ನೊಂದು. ಆದರೆ ನಮ್ಮ ಜನ ಒಂದು ಹಿಡಿಗೆ ತಂತಿ ಬಿಗಿದು ಕೆಲಸ ಬೇಗ ಮಾಡ್ತೀವಿ ಅಂತಾರೆ! ಇಬ್ಬರು ಸೇರಿ, ಒಬ್ಬ ಕುಂಟೆ ಇಡೋದು ಇನ್ನೊಬ್ಬ ಹಿಡಿ ಒತ್ತೋದು ಮಾಡಿದರಂತೂ ಆ ಉಪಾಯಕ್ಕೆ ಅರ್ಥವೇ ಉಳಿಯೋದಿಲ್ಲ. ಎಣ್ಣೆ ಪೈಪು ಸೋರುತ್ತದಾ ಅಂತ ಕೈಯಿಟ್ಟು ನೋಡಲೂಬಾರದು. ಸೂಜಿತೂತಿನಿಂದ ಚಿಮ್ಮುವ ಎಣ್ಣೆ ಚರ್ಮದೊಳಗೇ ಹೊಕ್ಕುತ್ತದೆ.

ಇದನ್ನೆಲ್ಲ ಮನೆಯಲ್ಲಿ ಹೇಳಿದೆ. "ದುಡ್ಡು ಜಾಸ್ತಿ ಆಯ್ತಲ್ಲೋ" ಅಂದರು ಚಿಕ್ಕಪ್ಪ. "ದುಡ್ಡು ಅಡಿಕೆ ಕೊಡುತ್ತೆ, ಇವನ ಬೆರಳು ಯಾವ ಮರದಲ್ಲಿ ಬಿಡುತ್ತೆ?" ಅಂದರು ಅಜ್ಜ. ಅಣ್ಣ ಏನೂ ಮಾತಾಡಲಿಲ್ಲ. ಬರುವ ಭಾನುವಾರ ಎರಡು ಹಿಡಿಯ ಮಿಷನ್ನು ನೋಡೋಕೆ ಶಿವಮೊಗ್ಗಕ್ಕೆ ಹೋಗ್ತಾರಂತೆ. ಅಜ್ಜನೂ ಹೊರಟಿದ್ದಾರೆ, ಪರೀಕ್ಷೆಗೆ ಅಂತ ಗಂಟು ತುಂಬಿದ ಒಂದು ಅಕೇಶಿಯಾ ಕುಂಟೆಯನ್ನು ಚೀಲಕ್ಕೆ ಹಾಕಿಟ್ಟುಕೊಂಡು.