ಎಡಮಂಡಿ, ಬಲಮಂಡಿ

ನನ್ನ ಎರಡು ಮಂಡಿಗಳೂ ಈಗ ಹುಟ್ಟಿನಿಂದ ಬಂದವಲ್ಲ. ಬಲಗಡೆಯದು 2018ರದು, ಎಡಗಡೆಯದು 2019ರದು. ಎರಡೂ ಲೋಹದವು, ನಡುವೆ ಪ್ಲಾಸ್ಟಿಕ್ಕಿನ ಒಂದು ಬಿಲ್ಲೆ. ಹೊನ್ನಾವರದ ಪೇಟೆಯಲ್ಲಿ ಎದುರಾದವರು, "ಮಾಸ್ತರ್ರೇ, ಮಂಡಿ ಹೇಗಿದೆ?" ಎಂದು ಕೇಳುತ್ತಾರೆ. "ಯಾವ ಮಂಡಿ?" ಎಂದು ನಾನು ಮರುಪ್ರಶ್ನೆ ಹಾಕಿದರೆ, ಮಾಸ್ತರಿಕೆಯ ಹಳೆಯ ಚಾಳಿ ಇನ್ನೂ ಬಿಟ್ಟಿಲ್ಲ ಎಂದು ನಗುತ್ತಾರೆ. ಆದರೆ ನಾನು ಕೇಳುವುದು ತಮಾಷೆಗಲ್ಲ. ಎಡದ್ದೂ ಬಲದ್ದೂ ಒಂದೇ ತಾಯಿಯ ಮಕ್ಕಳಾದರೂ ಅವುಗಳ ಜಾತಕ ಬೇರೆ. ಎಡದ್ದು ಸವೆದು ಸವೆದು ಕಡೆಗೊಮ್ಮೆ ಬದಲಾಯಿತು. ಬಲದ್ದು ಅದಕ್ಕೆ ಇಪ್ಪತ್ತು ವರ್ಷ ಮೊದಲೇ ಒಮ್ಮೆ ಶಸ್ತ್ರದ ಬಾಯಿಗೆ ಹೋಗಿಬಂದಿತ್ತು.

ನಮ್ಮ ಕಡೆ ಮಂಡಿಯೆಂದರೆ ಬರಿಯ ಕೀಲಲ್ಲ, ಬಡಗುತಿಟ್ಟಿನ ಯಕ್ಷಗಾನದಲ್ಲಿ ಅದೊಂದು ಕುಣಿತ. ಮಂಡಿಗಳನ್ನು ನೆಲಕ್ಕೂರಿ ವೇಷಧಾರಿ ಬುಗುರಿಯಂತೆ ಸುತ್ತತೊಡಗಿ, ಚಂಡೆ ಏರಿತೆಂದರೆ ಚಾಪೆಯ ಮೇಲೆ ನಿದ್ದೆ ಹೋದವರೂ ಎದ್ದು ಕೂರುವರು. ಕೆರೆಮನೆಯವರ ಮೇಳ 1934ರಲ್ಲಿ ಹುಟ್ಟಿದ್ದು ನಮ್ಮ ತಾಲೂಕಿನ ನೆಲದಲ್ಲಿ. ಚಿಟ್ಟಾಣಿ ರಾಮಚಂದ್ರ ಹೆಗಡೆಯವರೂ ನಮ್ಮವರೇ. ಅಂಥವರ ವೇಷವನ್ನು ರಾತ್ರಿಯೆಲ್ಲ ನೋಡಿಬಂದ ಹುಡುಗ ಮಾರನೆಯ ದಿನ ಅಂಗಳದಲ್ಲಿ ಮಂಡಿ ಹಾಕದಿದ್ದರೆ ಅವನಿಗೆ ಜ್ವರ ಬಂದಿದೆಯೆಂದು ತಿಳಿಯಬೇಕು. ನಾನೂ ಹಾಕಿದೆ, ಶಾಲೆಯ ಆಟಗಳಲ್ಲಿ ಎರಡು ಸಲ ಅಭಿಮನ್ಯುವಾದೆ. ಕೀಲು ಸವೆದದ್ದು ಅದರಿಂದಲೇ ಎಂದು ಯಾವ ಡಾಕ್ಟರೂ ಹೇಳಲಿಲ್ಲ. ಮೊದಲೇ ಸ್ವಲ್ಪ ಬಿಲ್ಲಾಗಿದ್ದ ಕಾಲು, ಪಾಚಿಗಟ್ಟಿದ ಮೆಟ್ಟಿಲಿನ ಮೇಲೆ ಜಾರಿದಾಗ ಹರಿದುಹೋದ ಒಳಗಿನ ಮೆತ್ತೆ, ಆಮೇಲೆ ಬೆಳೆದ ಹೊಟ್ಟೆ ಇವೆಲ್ಲ ಸೇರಿಯೇ ಆಗಿರಬೇಕು. ಆದರೂ ಅಭಿಮನ್ಯುವಿನ ಪಾಲನ್ನು ಪೂರ್ತಿ ಬಿಟ್ಟುಕೊಡಲು ನನಗೆ ಮನಸ್ಸಿಲ್ಲ. ಹೊಟ್ಟೆಯಿಂದ ಮಂಡಿ ಹೋಯಿತೆನ್ನುವುದಕ್ಕಿಂತ ಚಕ್ರವ್ಯೂಹದಲ್ಲಿ ಹೋಯಿತೆನ್ನುವುದು ಗೌರವವಲ್ಲವೆ?

1998ರಲ್ಲಿ ನನಗೆ 44 ವರ್ಷ. ಕುಮಟೆಯ ಶಾಲೆಯಲ್ಲಿ ಮೇಲಿನ ಮಹಡಿಯ ತರಗತಿ, ಹೊನ್ನಾವರದಿಂದ ದಿನವೂ ಬಸ್ಸು. ಬಲಗಾಲಿನ ನೋವಿಗೆ ಎಣ್ಣೆ, ಲೇಪ, ಗುಳಿಗೆ ಎಲ್ಲ ಮುಗಿದ ಮೇಲೆ ಘಟ್ಟದ ಕೆಳಗಿನ ಜನ ಮಾಡುವಂತೆ ನಾನೂ ದಕ್ಷಿಣದ ದಾರಿ ಹಿಡಿದೆ. ದೊಡ್ಡ ಕಾಯಿಲೆಯೆಂದರೆ ಭಟಕಳ, ಹೊನ್ನಾವರ, ಕುಮಟೆಯವರಿಗೆ ಮಣಿಪಾಲ, ಮಂಗಳೂರು; ಇಲ್ಲವೆ ಘಟ್ಟ ಹತ್ತಿ ಹುಬ್ಬಳ್ಳಿ. ಮಂಡಿನೋವು ಆ ದಾರಿಯಲ್ಲಿ ಕಾಯಬಲ್ಲದು. ಕಾಯಲಾರದ ಕಾಯಿಲೆಗಳ ಗತಿ ಏನೆಂಬುದನ್ನು 2022ರ ಜುಲೈಯಲ್ಲಿ ಇಡೀ ಜಿಲ್ಲೆ ಕಂಡಿತು. ಹೊನ್ನಾವರದಿಂದ ಹೊರಟ ಆಂಬ್ಯುಲೆನ್ಸು ಮಳೆಯಲ್ಲಿ ಶಿರೂರಿನ ಟೋಲ್ ಗೇಟಿಗೆ ಬಡಿದು ನಾಲ್ವರು ತೀರಿಕೊಂಡರು.

ಅಂದಿನ ಡಾಕ್ಟರು ಎಕ್ಸ್-ರೇಯನ್ನು ಬೆಳಕಿಗೆ ಹಿಡಿದು, "ನಿಮ್ಮ ಮೈಯ ಭಾರವೆಲ್ಲ ಮಂಡಿಯ ಒಳಬದಿಯ ಮೇಲೇ ಬೀಳುತ್ತಿದೆ. ಹೊರಬದಿ ಇನ್ನೂ ಹೊಸದರಂತಿದೆ," ಎಂದರು. ಕೃತಕ ಕೀಲು ಹಾಕಲು ನನ್ನ ವಯಸ್ಸು ಸಾಲದು. ದುಡಿಯುವ ಮನುಷ್ಯ ಅದನ್ನು ಸವೆಸಿಬಿಟ್ಟರೆ ಮತ್ತೊಂದು, ಮಗುದೊಂದು ಎಂದು ಹಾಕುತ್ತ ಹೋಗಬೇಕಾಗುತ್ತದೆ. ಅದಕ್ಕಿಂತ ಎಲುಬನ್ನೇ ನೇರ ಮಾಡೋಣ ಎಂದರು. ಇಂಗ್ಲೆಂಡಿನ ಜ್ಯಾಕ್ಸನ್, ವಾ ಎಂಬ ಇಬ್ಬರು 1961ರಲ್ಲಿ ಬರೆದು ತಿಳಿಸಿದ ಕ್ರಮವಂತೆ. ಅಮೆರಿಕದ ಕವೆಂಟ್ರಿ ಎಂಬವರು 1965ರಲ್ಲಿ ಅದನ್ನು ಇನ್ನಷ್ಟು ರೂಢಿಗೆ ತಂದರು. ಕೇಳಲು ಬಡಗಿಯ ಕೆಲಸದಂತಿದೆ. ಮಂಡಿಯ ಕೆಳಗಿನ ದೊಡ್ಡೆಲುಬಿನ ಹೊರಬದಿಯಿಂದ ಬೆಣೆಯಷ್ಟು ತುಂಡನ್ನು ಕೊಯ್ದು ತೆಗೆಯುವುದು, ಸಂದನ್ನು ಮುಚ್ಚಿ ಲೋಹದ ಪಟ್ಟಿಯಿಟ್ಟು ತಿರುಪು ಬಿಗಿಯುವುದು. ಬಾಗಿದ ಕಾಲು ನೇರವಾಗಿ, ಭಾರ ಸವೆಯದ ಬದಿಗೆ ದಾಟುತ್ತದೆ. "ಹತ್ತು ವರ್ಷ ಸಿಕ್ಕರೆ ಗೆದ್ದಿರಿ," ಎಂದರು.

ಕೊಂಕಣ ರೈಲು ಪೂರ್ತಿಯಾಗಿ ಓಡಲಾರಂಭಿಸಿದ ವರ್ಷ ಅದು. ಪಟ್ಟಿ ಕಟ್ಟಿದ ಕಾಲನ್ನು ಎದುರಿನ ಸೀಟಿನ ಮೇಲಿಟ್ಟುಕೊಂಡು ಹೊನ್ನಾವರಕ್ಕೆ ಮರಳಿದೆ. ಆಮೇಲೆ 16 ವರ್ಷ, ನಿವೃತ್ತನಾಗುವ ದಿನದವರೆಗೂ, ಕುಮಟೆಯ ಆ ಮಹಡಿಯನ್ನು ಹತ್ತಿ ಇಳಿದೆ. ತಂದೆಯ ಶ್ರಾದ್ಧಕ್ಕೆ ಮಣೆಯ ಮೇಲೆ ಕೂತೆ. ಮಗಳ ಮದುವೆಯಲ್ಲಿ ಪಂಕ್ತಿಯ ಕೊನೆಯವರೆಗೂ ಬಡಿಸಿದೆ.

ನೋವು ಮರಳಿ ಬಂದಾಗ ಡಾಕ್ಟರು ಬೇರೆ, ಊರೂ ಬೇರೆ. ಈ ಹೊಸ ಡಾಕ್ಟರಿಗೆ ನನ್ನ ಮಗನ ವಯಸ್ಸು. ಚಿತ್ರವನ್ನು ನೋಡಿದವರೇ, "ಈ ತಿರುಪು ಯಾವ ಕಂಪನಿಯದು?" ಎಂದು ಕೇಳಿದರು. ನನಗೆ ನಗು ಬಂತು, ಅವರಿಗೆ ಬರಲಿಲ್ಲ. ತಿರುಪಿನ ತಲೆಗೆ ತಕ್ಕ ಚಾವಿಯೇ ಬೇಕು. ಅದಿಲ್ಲದಿದ್ದರೆ ಮಂಡಿಯನ್ನು ತೆರೆದಿಟ್ಟುಕೊಂಡು ಎಲುಬಿನ ಜತೆ ಗುದ್ದಾಡಬೇಕಾಗುತ್ತದೆ. ಹಳೆಯ ಆಸ್ಪತ್ರೆಯಲ್ಲಿ ಅಷ್ಟು ಹಿಂದಿನ ದಾಖಲೆ ಇರಲಿಲ್ಲ. ನನ್ನ ಕಾಗದಗಳು ಅಟ್ಟದ ಮೇಲಿದ್ದವು. ಇದ್ದವು ಎನ್ನುವುದಕ್ಕಿಂತ, ಅವನ್ನು ತಿಂದು ಮುಗಿಸಿದ ಒರಲೆಯ ಮಣ್ಣು ಇತ್ತು ಎನ್ನಬೇಕು. ಎಕ್ಸ್-ರೇ ಹಾಳೆಗಳು ಇಪ್ಪತ್ತು ಮಳೆಗಾಲದ ತೇವಕ್ಕೆ ಒಂದಕ್ಕೊಂದು ಅಂಟಿ ಹಪ್ಪಳದ ಕಟ್ಟಾಗಿದ್ದವು. "ಮನೆಯ ತೆರಿಗೆಯ ಚೀಟಿಯನ್ನೆಲ್ಲ ಜೋಪಾನ ಮಾಡಿದ್ದೀರಿ, ಕಾಲಿನ ಕಾಗದ ಒಂದು ಭಾರವಾಯಿತೇ?" ಎಂದು ಮನೆಯವಳು ಕೇಳಿದ್ದಕ್ಕೆ ಇಂದಿಗೂ ಉತ್ತರ ಕೊಟ್ಟಿಲ್ಲ.

ಡಾಕ್ಟರು ಇನ್ನೂ ಕೆಲವು ತೊಡಕುಗಳನ್ನು ಹೇಳಿದರು. ಬೆಣೆ ತೆಗೆದ ಕಡೆ ಎಲುಬು ಕಡಿಮೆ. ಹೊಸ ಕೀಲನ್ನು ಕೂರಿಸುವ ತಳ ಓರೆ. ಮಂಡಿಚಿಪ್ಪು ಹಳೆಯ ಗಾಯದ ಬಿಗಿತಕ್ಕೆ ಕೆಳಗಿಳಿದಿದೆ, ಅದನ್ನು ಸರಿಸಿ ಒಳಗೆ ಕೈಹಾಕುವುದು ಕಷ್ಟ. ಹೊಸ ಕೊಯ್ತ ಹಳೆಯ ಕಲೆಗೆ ತೀರ ಹತ್ತಿರವಾದರೆ ನಡುವಿನ ಚರ್ಮ ರಕ್ತವಿಲ್ಲದೆ ಸತ್ತೀತು. ಇಷ್ಟನ್ನೂ ಹೇಳಿ, "ಆದರೂ ನಡೆಯುತ್ತೀರಿ," ಎಂದರು. ನಾನು ಆ ಕೊನೆಯ ಮಾತನ್ನು ಮಾತ್ರ ಕಟ್ಟಿಕೊಂಡು ಬಂದೆ.

ಒಂದು ವಿಷಯದಲ್ಲಿ ಕಾಲ ನನಗೆ ಅನುಕೂಲವಾಗಿತ್ತು. 2017ರ ಆಗಸ್ಟಿನಲ್ಲಿ ಸರಕಾರ ಮಂಡಿಯ ಕೀಲುಗಳಿಗೆ ಬೆಲೆ ಕಟ್ಟಿತು. ಕೋಬಾಲ್ಟ್-ಕ್ರೋಮಿಯಮ್ಮಿನ ಕೀಲಿಗೆ ಅದುವರೆಗೆ ಸರಾಸರಿ 1,58,324 ರೂಪಾಯಿ ನಮೂದಾಗುತ್ತಿದ್ದದ್ದು ತೆರಿಗೆ ಬಿಟ್ಟು 54,720ಕ್ಕೆ ಇಳಿಯಿತು. ಪಿಂಚಣಿದಾರನಿಗೆ ಇದು ಸಣ್ಣ ಮಾತಲ್ಲ.

ಬಲಮಂಡಿಯ ಶಸ್ತ್ರಕ್ರಿಯೆ ಮುಂದಿನ ವರ್ಷದ ಎಡಮಂಡಿಯದಕ್ಕಿಂತ ಹೆಚ್ಚುಕಡಿಮೆ ಒಂದು ಗಂಟೆ ಹೆಚ್ಚು ಹಿಡಿಯಿತು. ಮೂರ್ನಾಲ್ಕು ಬಗೆಯ ಚಾವಿ ತರಿಸಿಟ್ಟಿದ್ದರೂ ಒಂದು ತಿರುಪು ತಲೆ ಮುರಿದು, ಮೈ ಎಲುಬಿನೊಳಗೇ ಉಳಿಯಿತು. ಹೊಸ ಕೀಲಿಗೆ ಅಡ್ಡವಿಲ್ಲವೆಂದು ಅದನ್ನು ಅಲ್ಲೇ ಬಿಟ್ಟರು. ವ್ಯಾಯಾಮದಲ್ಲಿ ಎಡಗಾಲು ಎರಡು ತಿಂಗಳಲ್ಲಿ ಕಲಿತದ್ದನ್ನು ಬಲಗಾಲು ಕಲಿಯಲು ಐದು ತಿಂಗಳು ತೆಗೆದುಕೊಂಡಿತು. ಕಡೆಗೆ ಎಡದ್ದು 120 ಡಿಗ್ರಿ ಬಾಗುತ್ತದೆ, ಬಲದ್ದು 105. ನೋವು ಎರಡರಲ್ಲೂ ಇಲ್ಲ.

ಅಮೆರಿಕದ ಇಂಡಿಯಾನಾದ ಡಾಕ್ಟರು ಕೆಲವರು ನನ್ನಂಥವರನ್ನೇ ಹುಡುಕಿ ನೋಡಿದ್ದಾರೆಂದು ಆಮೇಲೆ ತಿಳಿಯಿತು. ಎರಡೂ ಮಂಡಿ ಬದಲಾದ 39 ಮಂದಿ. ಪ್ರತಿಯೊಬ್ಬರಿಗೂ ಒಂದು ಕಾಲಿನ ಎಲುಬು ಮೊದಲೇ ತಿದ್ದಿದ್ದು, ಇನ್ನೊಂದು ಹಾಗೆಯೇ ಇದ್ದದ್ದು. 2000ದಲ್ಲಿ ಅವರು ಕೊಟ್ಟ ವರದಿಯಂತೆ ಎರಡು ಕಾಲುಗಳ ಫಲಿತಾಂಶದಲ್ಲಿ ಹೇಳಿಕೊಳ್ಳುವಂಥ ಭೇದವಿಲ್ಲ. ಫಿನ್ಲೆಂಡಿನಲ್ಲಿ ದೇಶದ ಶಸ್ತ್ರಕ್ರಿಯೆಗಳನ್ನೆಲ್ಲ ಬರೆದಿಡುವ ಪುಸ್ತಕದಿಂದ 2014ರಲ್ಲಿ ತೆಗೆದ ಲೆಕ್ಕ, ಮೊದಲೇ ತಿದ್ದಿಸಿಕೊಂಡವರ ಕೀಲಿನ ಬಾಳಿಕೆ ಸ್ವಲ್ಪ ಕಡಿಮೆ ಎಂದಿತು. ಆದರೂ ಹತ್ತು ವರ್ಷಕ್ಕೆ ನೂರರಲ್ಲಿ ತೊಂಬತ್ತಕ್ಕೂ ಹೆಚ್ಚು ಉಳಿದಿದ್ದವು. ನಾರ್ವೆಯವರ 2015ರ ಲೆಕ್ಕದಲ್ಲಿ ಆ ಅಂತರವೂ ಎದ್ದು ಕಾಣಲಿಲ್ಲ.

ಆದರೆ ಫಿನ್ಲೆಂಡಿನ ಪುಸ್ತಕದಲ್ಲಿ ಪಂಕ್ತಿಯ ಊಟದ ಕಾಲಂ ಇರಲಾರದು. 105 ಡಿಗ್ರಿಯಲ್ಲಿ ಕುರ್ಚಿ, ಮೆಟ್ಟಿಲು, ಬಸ್ಸು ಎಲ್ಲ ಆಗುತ್ತದೆ, ಮಣೆ ಆಗುವುದಿಲ್ಲ. ಈಗ ಶ್ರಾದ್ಧದ ದಿನ ನನಗೆ ಎತ್ತರದ ಸ್ಟೂಲು, ಎಡೆಗೆ ಮೇಜು. ಮೊದಲ ವರ್ಷ ಪುರೋಹಿತರ ತಲೆ ನನ್ನ ತಲೆಗಿಂತ ಕೆಳಗಿದ್ದದ್ದು ನನಗೆ ಬಹಳ ಸಂಕೋಚವಾಯಿತು. ಭಟಕಳದಲ್ಲಿ ಬಟ್ಟೆ ವ್ಯಾಪಾರದಿಂದ ನಿವೃತ್ತರಾದ ನನ್ನ ಸ್ನೇಹಿತರೊಬ್ಬರಿದ್ದಾರೆ. ಅವರ ಕಾಲಿಗೆ ಬೆಣೆಯ ಕೆಲಸವೇನೂ ಆಗಿರಲಿಲ್ಲ, ನೇರವಾಗಿ ಕೀಲು ಬದಲಾಯಿತು. ಅವರೂ ಮಸೀದಿಯಲ್ಲಿ ಕುರ್ಚಿಯ ಮೇಲೆ ಕೂತೇ ನಮಾಜು ಮಾಡುತ್ತಾರೆ. "ಹಣೆ ನೆಲಕ್ಕೆ ತಾಗದೆ ಆರು ವರ್ಷವಾಯಿತು ಮಾಸ್ತರ್ರೇ," ಎಂದು ಅವರು ಒಮ್ಮೆ ಹೇಳಿದರು. ಅವರದು ನನ್ನದಕ್ಕಿಂತ ಎಷ್ಟೋ ಚೆನ್ನಾದ ಮಂಡಿ. ನಾವಿಬ್ಬರೂ ಸ್ವಲ್ಪ ಹೊತ್ತು ಸುಮ್ಮನೆ ಚಹ ಕುಡಿದೆವು.

ಕಳೆದ ಮಳೆಗಾಲ ಮುಗಿದ ಮೇಲೆ ಕುಮಟೆಯ ಹಳೆಯ ವಿದ್ಯಾರ್ಥಿಯೊಬ್ಬ ಮನೆಗೆ ಬಂದ. 43ರ ಪ್ರಾಯ, ಕೊನೆಗೌಡ. ಅಡಿಕೆ ಮರ ಹತ್ತಿ, ಒಂದರಿಂದ ಇನ್ನೊಂದಕ್ಕೆ ತೂಗಿ ದಾಟಿ ಕೊನೆ ಇಳಿಸುವವನು. ಬಲಗಾಲು ಬಿಲ್ಲಾಗಿತ್ತು. ನನಗೆ ಆದದ್ದನ್ನೇ ಅವನಿಗೂ ಸೂಚಿಸಿದ್ದರು. ಆದರೆ ಈಗ ಹೊರಬದಿಯ ತುಂಡು ತೆಗೆಯುವುದಕ್ಕಿಂತ ಒಳಬದಿಯಲ್ಲಿ ಎಲುಬನ್ನು ಸೀಳಿ ಸಂದು ಬಿಡಿಸುವ ಕ್ರಮ ಹೆಚ್ಚಂತೆ. "ಸುಮ್ಮನೆ ಕಾದು ಮುಂದೆ ನಿಮ್ಮ ಹಾಗೆ ಪೂರಾ ಬದಲು ಮಾಡಿಸಿಬಿಡಲೋ? ಎರಡೆರಡು ಸಲ ಯಾಕೆ ಕೊಯ್ಸಿಕೊಳ್ಳೋದು?" ಎಂದು ಕೇಳಿದ.

ಮರ ಹತ್ತುವುದು ಆದೀತೆಂದು ನಾನು ಹೇಳಲಿಲ್ಲ. ಅದನ್ನು ಡಾಕ್ಟರನ್ನೇ ಕೇಳು ಎಂದೆ. ನೆಲದ ಮೇಲೆ ನಿಂತೇ ಕೊನೆ ಕೊಯ್ಯುವ ಕಾರ್ಬನ್ ದೋಟಿ ಬಂದಿದೆಯಲ್ಲ, ಅದನ್ನಾದರೂ ಕಲಿ ಎಂದೆ. ಅವನಿಗೆ ಆ ಮಾತು ಹಿಡಿಸಲಿಲ್ಲ. ಮುಖ ನೋಡಿದರೇ ತಿಳಿಯುತ್ತಿತ್ತು. ಆಮೇಲೆ ನನ್ನ ಲೆಕ್ಕ ಹೇಳಿದೆ. ಎರಡನೆಯ ಸಲಕ್ಕೆ ನಾನು ಕಳೆದುಕೊಂಡದ್ದು 15 ಡಿಗ್ರಿ, ಮೂರು ತಿಂಗಳು. ಮೊದಲನೆಯದು ನನಗೆ ಕೊಟ್ಟದ್ದು ಸುಮಾರು 17 ವರ್ಷ, ಅದೂ ಸಂಬಳ ತರುವ ವಯಸ್ಸಿನ 17 ವರ್ಷ. ನಿನ್ನ ಲೆಕ್ಕ ಹೀಗೇ ಬರುತ್ತದೆಂದಲ್ಲ. ನನ್ನದು ಹೀಗೆ ಬಂತು. ಯಾವುದನ್ನು ಮಾಡಿಸಿದರೂ ಕಾಗದವನ್ನು ಮಾತ್ರ ಅಟ್ಟಕ್ಕೆ ಹಾಕಬೇಡ ಎಂದು ಗಟ್ಟಿಯಾಗಿಯೇ ಹೇಳಿದೆ.

ಒಳಗಿನಿಂದ ತಗಡಿನ ಡಬ್ಬಿ ತಂದು ಅವನ ಕೈಗೆ ಕೊಟ್ಟೆ. ಕಾಲಿನಿಂದ ತೆಗೆದ ಪಟ್ಟಿ, ತಿರುಪುಗಳನ್ನು ಡಾಕ್ಟರು ತೊಳೆದು ಕೊಟ್ಟಿದ್ದರು. ಅವನು ಒಂದೊಂದನ್ನೂ ಎತ್ತಿ ಪಟ್ಟಿಯ ತೂತಿಗೆ ಹಿಡಿದು ನೋಡಿದ. ದೂರದಿಂದಲೇ ಮರದ ಕೊನೆಗಳನ್ನು ಎಣಿಸಿ ಹೇಳುವ ಕಣ್ಣು ಅದು.

"ತೂತು ನಾಲ್ಕಿವೆ, ತಿರುಪು ಮೂರೇ. ಒಂದು ಎಲ್ಲಿ ಹೋಯ್ತು ಮಾಸ್ತರ್ರೇ?"

ನಾನು ಬಲಮಂಡಿಯ ಕೆಳಗೆ ಬೆರಳಿನಿಂದ ತಟ್ಟಿ ತೋರಿಸಿದೆ.