ಚಂದ್ರಗಿರಿಯ ಆಚೆ ಈಚೆ ಒಂದು ಮೈಲು

ಕಾಸರಗೋಡಿನ ಹಳೆಯ ತಲೆಮಾರಿನವರು ದೂರವನ್ನು ಇಂದಿಗೂ ಮೈಲಿನ ಲೆಕ್ಕದಲ್ಲಿಯೇ ಹೇಳುತ್ತಾರೆ. ಶಾಲೆಗೆ ಎರಡು ಮೈಲು, ಪೇಟೆಗೆ ಐದು ಮೈಲು, ಮಗಳನ್ನು ಕೊಟ್ಟ ಮನೆಗೆ ಒಂಬತ್ತು ಮೈಲು. 1956ರಲ್ಲಿ ತೂಕ ಮತ್ತು ಅಳತೆಗಳ ಕಾಯಿದೆ ಬಂದು ದೇಶವು ಮೆಟ್ರಿಕ್ ಪದ್ಧತಿಯತ್ತ ಹೊರಳಿತು. ಅದೇ ವರ್ಷದ ನವೆಂಬರ್ 1ರಂದು, ಮದ್ರಾಸ್ ರಾಜ್ಯದ ದಕ್ಷಿಣ ಕನ್ನಡ ಜಿಲ್ಲೆಗೆ ಸೇರಿದ್ದ ಕಾಸರಗೋಡು ತಾಲೂಕು ಕೇರಳದ ಪಾಲಾಯಿತು. ರಸ್ತೆಬದಿಯ ಕಲ್ಲುಗಳ ಮೇಲಿನ ಅಂಕಿಯೂ ಲಿಪಿಯೂ ಕಾಲಕ್ರಮದಲ್ಲಿ ಬದಲಾದವು. ಮಾತಿನೊಳಗಿನ ಮೈಲು ಮಾತ್ರ ಅಲುಗದೆ ಉಳಿದುಕೊಂಡಿತು.

ಓಟದ ಲೋಕದಲ್ಲಿಯೂ ಹಾಗೆಯೇ ಆಯಿತು. 1976ರಲ್ಲಿ ಅಂತಾರಾಷ್ಟ್ರೀಯ ಅಥ್ಲೆಟಿಕ್ಸ್ ಸಂಸ್ಥೆಯು ಗಜ-ಫರ್ಲಾಂಗುಗಳ ಓಟದ ದಾಖಲೆಗಳನ್ನೆಲ್ಲ ಕೈಬಿಟ್ಟಾಗ ಒಂದು ಮೈಲಿನ ಓಟವನ್ನಷ್ಟೇ ಉಳಿಸಿಕೊಂಡಿತು. ಮೀಟರಿನಲ್ಲಿ ಹೇಳುವುದಾದರೆ ಅದು 1609.344. ಇನ್ನೂರು ಮೀಟರಿನ ಸುತ್ತು ಎಳೆದ ಶಾಲಾ ಮೈದಾನದಲ್ಲಿ ಎಂಟು ಸುತ್ತು, ಮೇಲೆ ಒಂಬತ್ತು ಮೀಟರಿಗಿಂತ ತುಸು ಹೆಚ್ಚು.

ಆ ಎಂಟು ಸುತ್ತನ್ನು ಈಗಿರುವುದಕ್ಕಿಂತ ಬೇಗ ಓಡಿ ಮುಗಿಸಬೇಕೆಂಬ ಹಂಬಲ ನನಗೆ ಹುಟ್ಟಿದುದು ನಲವತ್ತನಾಲ್ಕನೆಯ ವಯಸ್ಸಿನಲ್ಲಿ. ಪದಕದ ಆಸೆ ಅದಕ್ಕೆ ಕಾರಣವಲ್ಲ. ಹಿಂದಿನ ಮಳೆಗಾಲದಲ್ಲಿ ನನ್ನ ತಾಯಿ ಪಾಚಿಗಟ್ಟಿದ ಅಂಗಳದಲ್ಲಿ ಜಾರಿ ಬಿದ್ದು ಸೊಂಟದ ಮೂಳೆ ಮುರಿದುಕೊಂಡಿದ್ದರು. ಅಡಿಕೆ ತೋಟದಲ್ಲಿ ದಿನವಿಡೀ ನಡೆದಾಡುತ್ತಿದ್ದ ಜೀವ ಕೋಣೆಯ ಕಿಟಕಿಯ ಬಳಿ ಕುಳಿತಿತು. ಮುಟ್ಟು ನಿಲ್ಲುವ ಕಾಲದಲ್ಲಿ ಈಸ್ಟ್ರೋಜನ್ ಎಂಬ ಹಾರ್ಮೋನು ಇಳಿದಂತೆ ಹೆಣ್ಣಿನ ಮೂಳೆ ಬೇಗನೆ ತೆಳುವಾಗುತ್ತದೆ. ಮೂಳೆಗೂ ಸ್ನಾಯುವಿಗೂ ಭಾರ ಹೊರುವ ಕೆಲಸ ಕೊಟ್ಟರೆ ಆ ಸವೆತ ನಿಧಾನವಾಗುತ್ತದೆ. ಅಮ್ಮನ ಮಂಚದ ಪಕ್ಕದಲ್ಲಿ ಕುಳಿತು ಇದನ್ನು ತಿಳಿದುಕೊಂಡ ಮೇಲೆ ನನಗೆ ನನ್ನ ಮುಂದಿನ ಇಪ್ಪತ್ತು ವರ್ಷಗಳು ಕಣ್ಣಿಗೆ ಕಂಡವು.

ನಮ್ಮ ಶಾಲೆಯ ಮೈದಾನ ಒಂದು ಗುಡ್ಡೆಯ ನೆತ್ತಿಯನ್ನು ತಟ್ಟು ಮಾಡಿ ಮಾಡಿದ್ದು. ಕೆಳಗೆಲ್ಲ ಮುರಕಲ್ಲು. ಈ ಕಲ್ಲು ಅಗೆಯುವಾಗ ಮೆತ್ತಗಿರುತ್ತದೆ, ಗಾಳಿ ಬಿಸಿಲು ತಾಗಿದ ಮೇಲೆ ಗಟ್ಟಿಯಾಗುತ್ತದೆ. ನಮ್ಮ ಮನೆಗಳೂ ಶಾಲೆಗಳೂ ನಿಂತಿರುವುದು ಅದರ ಮೇಲೆಯೇ. ಓಡುವವರಿಗೆ ಮಾತ್ರ ಅದು ಸುಲಭದ ನೆಲವಲ್ಲ. ಬೇಸಿಗೆಯಲ್ಲಿ ಸಣ್ಣ ಹರಳುಗಳು ಪಾದದಡಿ ಉರುಳುತ್ತವೆ, ಜೂನ್ ತಿಂಗಳಿನಿಂದ ಸೆಪ್ಟೆಂಬರ್‌ವರೆಗೆ ಹಸುರು ಪಾಚಿ ಹಬ್ಬುತ್ತದೆ. ದಪ್ಪ ಅಡಿಯ ಶೂ ಇಲ್ಲದೆ ಅಲ್ಲಿ ವೇಗದ ಮಾತಿಲ್ಲ. ಮೊದಲ ದಿನ ದೈಹಿಕ ಶಿಕ್ಷಕರಿಂದ ಎರವಲು ತಂದ ಗಡಿಯಾರ ತೋರಿಸಿದ್ದು 11 ನಿಮಿಷ 40 ಸೆಕೆಂಡು. ಚೂಡಿದಾರದ ಶಾಲನ್ನು ಸೊಂಟಕ್ಕೆ ಬಿಗಿದು ರಸ್ತೆಯಲ್ಲಿ ಓಡುತ್ತ ಹಿಂದಿರುಗುತ್ತಿದ್ದಾಗ, ಹಾಲು ಸೊಸೈಟಿಗೆ ಹೊರಟಿದ್ದ ಹಿರಿಯರೊಬ್ಬರು ನಿಂತು ಕೇಳಿದರು: "ಎಂತ ಟೀಚರೇ, ಬಸ್ಸು ತಪ್ಪಿತಾ?"

ಆ ಪ್ರಶ್ನೆಯಲ್ಲಿ ಕುಹಕವಿರಲಿಲ್ಲ. ನಮ್ಮೂರಿನಲ್ಲಿ ನಡುವಯಸ್ಸಿನ ಹೆಂಗಸು ಓಡುವುದೆಂದರೆ ಬಸ್ಸು ಹಿಡಿಯುವುದಕ್ಕೆ, ಮಳೆ ಬಂದಾಗ ಒಣಗಿಸಿದ ಅಡಿಕೆ ಒಳಗೆ ಹಾಕುವುದಕ್ಕೆ, ಇಲ್ಲವೇ ಹಗ್ಗ ಕಿತ್ತ ದನದ ಹಿಂದೆ. ತನಗಾಗಿ ಓಡುವವಳನ್ನು ನೋಡಿ ಅವರಿಗೆ ರೂಢಿಯಿರಲಿಲ್ಲ. "ಇಲ್ಲ ಅಣ್ಣ, ಸುಮ್ಮನೆ ಓಡುವುದು" ಎಂದೆ. ಎರಡು ವಾರ ಕಳೆಯುವಷ್ಟರಲ್ಲಿ ಅವರೇ ದಿನವೂ "ಇವತ್ತು ಎಷ್ಟಾಯಿತು?" ಎಂದು ಕೇಳತೊಡಗಿದರು. ಮತ್ತೆ ಮೂವರು ತಾಯಂದಿರು ಜೊತೆಗೂಡಿದರು.

ನಲವತ್ತರ ಬಳಿಕ ದೇಹದಲ್ಲಿ ಏನಾಗುತ್ತದೆ ಎಂಬುದನ್ನು ಮುಚ್ಚಿಡಬೇಕಾದುದಿಲ್ಲ. ಹೃದಯದ ಗರಿಷ್ಠ ಬಡಿತ ವರ್ಷಕ್ಕೆ ತುಸುತುಸುವೇ ತಗ್ಗುತ್ತದೆ. ಆಮ್ಲಜನಕವನ್ನು ಬಳಸಿಕೊಳ್ಳುವ ಶಕ್ತಿ, ವ್ಯಾಯಾಮವಿಲ್ಲದವರಲ್ಲಿ, ದಶಕಕ್ಕೆ ಸುಮಾರು ಶೇ. 10ರಷ್ಟು ಕುಗ್ಗುತ್ತದೆ. ಸ್ನಾಯು ಕರಗುತ್ತದೆ, ದಣಿವಿನಿಂದ ಚೇತರಿಸಿಕೊಳ್ಳಲು ಹೆಚ್ಚು ದಿನ ಬೇಕಾಗುತ್ತದೆ. ಆದರೆ ಅಭ್ಯಾಸವಿಟ್ಟುಕೊಂಡವರಲ್ಲಿ ಈ ಇಳಿತ ಬಹಳ ನಿಧಾನ. ಹೊಸದಾಗಿ ಆರಂಭಿಸಿದವರಲ್ಲಂತೂ ವಯಸ್ಸು ಇಳಿಸುವುದಕ್ಕಿಂತ ಅಭ್ಯಾಸ ಏರಿಸುವುದೇ ಹೆಚ್ಚು. ಇನ್ನೊಂದು ಕೊರತೆ ವಯಸ್ಸಿನದಲ್ಲ, ಊಟದ್ದು. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದಲ್ಲಿ 15ರಿಂದ 49 ವರ್ಷದ ಮಹಿಳೆಯರಲ್ಲಿ ಶೇ. 57 ಮಂದಿಗೆ ರಕ್ತಹೀನತೆ ಇದೆ. ರಕ್ತದಲ್ಲಿ ಕಬ್ಬಿಣ ಸಾಲದಿದ್ದರೆ ಯಾವ ಅಭ್ಯಾಸವೂ ಫಲಿಸದು. ಆದುದರಿಂದ ನಾವು ನಾಲ್ವರೂ ಮೊದಲು ರಕ್ತ ಮತ್ತು ರಕ್ತದೊತ್ತಡ ಪರೀಕ್ಷೆ ಮಾಡಿಸಿಕೊಂಡೆವು. ಹುರುಳಿ, ಹರಿವೆ, ನುಗ್ಗೆಸೊಪ್ಪು ಬಟ್ಟಲಿಗೆ ಮರಳಿದವು. ಮೇಲೆ ನಿಂಬೆಹುಳಿ ಹಿಂಡುವ, ಉಂಡ ಕೂಡಲೆ ಚಹಾ ಕುಡಿಯದಿರುವ ಕ್ರಮ ಬಂತು. ಹುಳಿ ಕಬ್ಬಿಣವನ್ನು ಒಳಗೆಳೆದುಕೊಳ್ಳಲು ನೆರವಾಗುತ್ತದೆ, ಚಹಾ ಅದನ್ನು ತಡೆಯುತ್ತದೆ.

ಒಂದು ಮೈಲಿನ ಓಟ ನೋಡಲು ಚಿಕ್ಕದು. ಆದರೂ ಅದರ ಶಕ್ತಿಯ ಮುಕ್ಕಾಲು ಪಾಲಿಗಿಂತ ಹೆಚ್ಚು ಉಸಿರಿನಿಂದ ಬರಬೇಕು. ಹಾಗಾಗಿ ಬೇಗ ಓಡಬೇಕೆನ್ನುವವರು ವಾರದ ಹೆಚ್ಚಿನ ದಿನಗಳಲ್ಲಿ ನಿಧಾನವಾಗಿ ಓಡಬೇಕು. ಎಷ್ಟು ನಿಧಾನವೆಂದರೆ, ಓಡುತ್ತಲೇ ಹದಿಮೂರರ ಮಗ್ಗಿಯನ್ನು ಉಸಿರು ಕಟ್ಟದೆ ಒಪ್ಪಿಸಬಲ್ಲಷ್ಟು. ಮಂಗಳವಾರ ಮೈದಾನದಲ್ಲಿ ಇನ್ನೂರು ಮೀಟರಿನ ವೇಗದ ಸುತ್ತು ಎಂಟು, ಒಂದೊಂದರ ನಡುವೆ ನಡಿಗೆಯ ವಿರಾಮ. ಕೆಲವು ತಿಂಗಳ ಮೇಲೆ ಅದೇ ನಾನೂರು ಮೀಟರಿನ ನಾಲ್ಕು ಓಟವಾಯಿತು. ಗುರುವಾರ ತೋಟದಿಂದ ಗುಡ್ಡೆಗೆ ಏರುವ ರಸ್ತೆಯಲ್ಲಿ ಅರುವತ್ತು ಹೆಜ್ಜೆ ಜೋರಾಗಿ ಹತ್ತುವುದು, ನಡೆದು ಇಳಿಯುವುದು, ಹೀಗೆ ಆರು ಸಲ. ಏರಿನಲ್ಲಿ ಹೆಜ್ಜೆ ತಾನಾಗಿ ಗಿಡ್ಡವಾಗುವುದರಿಂದ ಮಂಡಿಗೆ ಪೆಟ್ಟು ಕಡಿಮೆ, ತೊಡೆಗೆ ಕೆಲಸ ಹೆಚ್ಚು. ಶನಿವಾರ ಶಾಲೆಯ ಮೆಟ್ಟಿಲಿನಲ್ಲಿ ಹಿಮ್ಮಡಿ ಎತ್ತಿಳಿಸುವುದು, ಕುಕ್ಕುರುಗಾಲಿನಲ್ಲಿ ಕುಳಿತೇಳುವುದು. ನಡುವಿನ ದಿನಗಳಲ್ಲಿ ನಡಿಗೆ ಅಥವಾ ಪೂರ್ಣ ವಿಶ್ರಾಂತಿ. ಆ ವಿಶ್ರಾಂತಿಯೂ ಅಭ್ಯಾಸದ ಅಂಗವೇ.

ಭಾನುವಾರಗಳಲ್ಲಿ ನಾವು ಚಂದ್ರಗಿರಿ ಹೊಳೆಯನ್ನು ದಾಟುತ್ತೇವೆ. ಕೊಡಗಿನ ಬೆಟ್ಟಗಳಲ್ಲಿ ಹುಟ್ಟಿ, ಸುಳ್ಯದಲ್ಲಿ ಪಯಸ್ವಿನಿ ಎನಿಸಿಕೊಂಡು, ಕಾಸರಗೋಡಿನ ಬಳಿ ಕಡಲು ಸೇರುವ ಈ ಹೊಳೆಯನ್ನು ಹಿರಿಯರು ತುಳುನಾಡಿನ ತೆಂಕಣ ಗಡಿಯೆಂದು ಎಣಿಸುತ್ತಿದ್ದರು. ಸೇತುವೆ ಕಳೆದು ದಕ್ಷಿಣಕ್ಕೆ ಹೋದರೆ, ಪೇಟೆಯಿಂದ ಸುಮಾರು ಹತ್ತು ಮೈಲಿನಲ್ಲಿ, ಬೇಕಲ. ಕೆಳದಿಯ ಶಿವಪ್ಪ ನಾಯಕನು 17ನೆಯ ಶತಮಾನದಲ್ಲಿ ಕಟ್ಟಿಸಿದನೆಂದು ಹೇಳುವ ಕೋಟೆ ಕಡಲಿಗೆ ಚಾಚಿ ನಿಂತಿದೆ. ಅದೂ ಮುರಕಲ್ಲಿನದೇ. ಕೋಟೆಯ ಬುಡದ ಮರಳದಂಡೆ ನಮ್ಮ ದೀರ್ಘ ಓಟದ ದಾರಿ.

ಇಲ್ಲಿ ವೇಳಾಪಟ್ಟಿ ಬರೆಯುವವನು ಚಂದ್ರ. ಕಡಲಿನ ಇಳಿತ ದಿನದಿಂದ ದಿನಕ್ಕೆ ಸುಮಾರು 50 ನಿಮಿಷ ತಡವಾಗುತ್ತದೆ. ಅಮಾವಾಸ್ಯೆ ಹುಣ್ಣಿಮೆಗಳ ಆಸುಪಾಸಿನಲ್ಲಿ ನೀರು ಹೆಚ್ಚು ಹಿಂದಕ್ಕೆ ಸರಿದು ಅಗಲವಾದ ಒದ್ದೆ ಮರಳನ್ನು ಬಿಟ್ಟುಕೊಡುತ್ತದೆ. ನೀರು ಆಗಷ್ಟೇ ಬಿಟ್ಟುಹೋದ ಆ ಮರಳು ಹೆಜ್ಜೆಯನ್ನು ತಾಳುವಷ್ಟು ಗಟ್ಟಿ, ಮಂಡಿಯನ್ನು ನೋಯಿಸದಷ್ಟು ಮೃದು. ದಂಡೆ ಕಡಲಿನತ್ತ ವಾಲಿರುವುದರಿಂದ ಹೋದಷ್ಟೇ ದೂರ ಹಿಂದಿರುಗಿಯೂ ಓಡಬೇಕು. ಇಲ್ಲವಾದರೆ ಒಂದು ಕಾಲಿಗಷ್ಟೇ ಭಾರ. ದೋಣಿ ಎಳೆಯುವವರು ಮೊದಮೊದಲು ನೋಡಿ ನಕ್ಕರು, ಈಗ ಮಲಯಾಳದಲ್ಲಿ "ಓಡಿಕ್ಕೋ ಚೇಚೀ" ಎಂದು ದಾರಿ ಬಿಡುತ್ತಾರೆ. ಇದೇ ಕಡಲಿನ ದಂಡೆಯಲ್ಲಿ, ಇನ್ನಷ್ಟು ದಕ್ಷಿಣದ ಪಯ್ಯೋಳಿಯಲ್ಲಿ ಓಡಿದ ಪಿ. ಟಿ. ಉಷಾ 1984ರ ಲಾಸ್ ಏಂಜಲೀಸ್ ಒಲಿಂಪಿಕ್ಸ್‌ನ 400 ಮೀಟರ್ ಹರ್ಡಲ್ಸ್‌ನಲ್ಲಿ ಸೆಕೆಂಡಿನ ನೂರನೆಯ ಒಂದು ಭಾಗದಿಂದ ಕಂಚನ್ನು ಕಳೆದುಕೊಂಡರು. ಮರಳಿನ ಮೇಲೆ ಕಲಿತ ಕಾಲು ಎಲ್ಲಿಯವರೆಗೆ ಹೋಗಬಲ್ಲುದೆಂಬುದಕ್ಕೆ ಬೇರೆ ಸಾಕ್ಷಿ ಬೇಡ.

ಮೈಲಿನ ಚರಿತ್ರೆಯಲ್ಲಿ ಮಕ್ಕಳಿಗೆ ನಾವು ಹೇಳುವ ಹೆಸರು ರೋಜರ್ ಬ್ಯಾನಿಸ್ಟರ್. 1954ರ ಮೇ 6ರಂದು ಆಕ್ಸ್‌ಫರ್ಡ್‌ನಲ್ಲಿ 3 ನಿಮಿಷ 59.4 ಸೆಕೆಂಡಿನಲ್ಲಿ ಮೈಲು ಮುಗಿಸಿ, ನಾಲ್ಕು ನಿಮಿಷದ ಗೋಡೆ ದಾಟಿದ ಮೊದಲಿಗ. ಅದೇ ತಿಂಗಳ 29ರಂದು ಬರ್ಮಿಂಗ್‌ಹ್ಯಾಮ್‌ನಲ್ಲಿ ಡಯೇನ್ ಲೆದರ್ ಎಂಬ ಯುವತಿ 4 ನಿಮಿಷ 59.6 ಸೆಕೆಂಡಿನಲ್ಲಿ ಓಡಿ, ಐದು ನಿಮಿಷದೊಳಗೆ ಮೈಲು ಮುಗಿಸಿದ ಮೊದಲ ಮಹಿಳೆಯಾದಳು. ಅವಳ ಓಟ ವಿಶ್ವದಾಖಲೆಯ ಪುಸ್ತಕಕ್ಕೆ ಸೇರಲಿಲ್ಲ. ಮಹಿಳೆಯರ ಮೈಲಿಗೆ ದಾಖಲೆಯ ಮನ್ನಣೆ ದೊರೆತದ್ದು 1967ರಲ್ಲಿ. 1500 ಮೀಟರ್ ಓಟ ಮಹಿಳೆಯರಿಗೆ ಒಲಿಂಪಿಕ್ಸ್‌ನಲ್ಲಿ ತೆರೆದದ್ದು 1972ರಲ್ಲಿ. ಅಲ್ಲಿಂದ ಕಾಲು ಶತಮಾನ ಕಳೆದ ಮೇಲೆ, 1997ರಲ್ಲಿ, ರಷ್ಯಾದ ಯೆಕಟೆರಿನಾ ಪೊದ್‌ಕೊಪಾಯೆವಾ ತಮ್ಮ ನಲವತ್ತನಾಲ್ಕನೆಯ ವಯಸ್ಸಿನಲ್ಲಿ ಪ್ಯಾರಿಸ್‌ನ ವಿಶ್ವ ಒಳಾಂಗಣ ಕೂಟದ 1500 ಮೀಟರ್ ಓಟವನ್ನು ಗೆದ್ದರು. ಎಣಿಸುವವರಿಲ್ಲದೆ ಹೋದ ಓಟಗಳು ಇನ್ನೆಷ್ಟೋ! ತಲೆಯ ಮೇಲೆ ಸೊಪ್ಪಿನ ಹೊರೆ ಹೊತ್ತು ಗುಡ್ಡೆ ಇಳಿದ ನಮ್ಮ ಅಜ್ಜಿಯಂದಿರ ಮೈಲುಗಳನ್ನು ಯಾರೂ ಬರೆದಿಡಲಿಲ್ಲ.

ಅದಕ್ಕಾಗಿಯೇ ನಾವು ಬರೆದಿಡುತ್ತೇವೆ. ಆರು ವಾರಕ್ಕೊಮ್ಮೆ ಗಡಿಯಾರ ಹಿಡಿದು ಓಡಿದ ಸಮಯವನ್ನು ಶಾಲೆಯ ಹಳೆಯ ಹಾಜರಿ ಪುಸ್ತಕದ ಉಳಿದ ಹಾಳೆಗಳಲ್ಲಿ ಕನ್ನಡದಲ್ಲಿಯೇ ದಾಖಲಿಸುತ್ತೇವೆ. ಮೊದಲ ಸುತ್ತಿನಲ್ಲಿ ಕಾಲನ್ನು ತಡೆದು, ಸುತ್ತೊಂದಕ್ಕೆ ಸುಮಾರು 74 ಸೆಕೆಂಡಿನ ಲೆಕ್ಕ ತಪ್ಪದಂತೆ ಓಡಿದ ಡಿಸೆಂಬರ್ ತಿಂಗಳ ಒಂದು ಬೆಳಿಗ್ಗೆ ನನ್ನ ಹೆಸರಿನ ಮುಂದೆ 9 ನಿಮಿಷ 52 ಸೆಕೆಂಡು ಬಂತು. ಜೊತೆಯವರಲ್ಲಿ ಒಬ್ಬರದು 10 ನಿಮಿಷ 30. ಇನ್ನೊಬ್ಬರು 13 ನಿಮಿಷದಿಂದ 12ಕ್ಕೆ ಬಂದಿದ್ದಾರೆ. ಮಂಡಿನೋವಿನವರು ನಡೆದೇ ಮುಗಿಸುತ್ತಾರೆ, ಅವರ ಹೆಸರೂ ಅದೇ ಸಾಲಿನಲ್ಲಿದೆ. ಏಳನೆಯ ತರಗತಿಯ ಹುಡುಗಿಯರು ಪುಸ್ತಕ ತಿರುವಿ ಯಾರ ಅಮ್ಮ ಎಷ್ಟು ಎಂದು ಹುಡುಕುತ್ತಾರೆ. ಕೆಳಗೆ ತಮ್ಮ ಹೆಸರಿಗೂ ಜಾಗ ಬಿಡಬೇಕೆಂದು ಕೇಳಿದ್ದಾರೆ.

ಅಮ್ಮ ಈಗ ಊರುಗೋಲು ಹಿಡಿದು ಅಂಗಳದ ತುದಿಯವರೆಗೆ ಬರುತ್ತಾರೆ. ಹೆಜ್ಜೆ ಎಣಿಸಿ ಸಂಜೆ ನನಗೆ ವರದಿ ಒಪ್ಪಿಸುತ್ತಾರೆ.

ಮಕ್ಕಳು ಕಡಿಮೆಯಾಗುತ್ತಿದ್ದಾರೆ ಎಂದು ನಮ್ಮ ಕನ್ನಡ ಶಾಲೆಗಳ ಬಗೆಗೆ ನಾವು ಸದಾ ಮರುಗುತ್ತೇವೆ. ಅವುಗಳ ಮೈದಾನ ಬೆಳಗಿನ ಹೊತ್ತಿನಲ್ಲಿ ಬರಿದಾಗಿ ಬಿದ್ದಿರುತ್ತದೆ. ಗೇಟು ತೆರೆಯಲು ಮುಖ್ಯೋಪಾಧ್ಯಾಯರ ಒಪ್ಪಿಗೆ, ಸುತ್ತು ಎಳೆಯಲು ಒಂದು ಹಿಡಿ ಸುಣ್ಣ, ಜೊತೆಗೆ ಇಬ್ಬರು ಹೆಂಗಸರು ಇದ್ದರೆ ಸಾಕು. ಎದೆನೋವು, ರಕ್ತದೊತ್ತಡ, ಸಕ್ಕರೆ ಕಾಯಿಲೆ ಇದ್ದವರು ವೈದ್ಯರನ್ನು ಕೇಳಿ ಹೊರಡಲಿ. ಆರಂಭದ ಗೆರೆಯಿಂದ ಒಂಬತ್ತು ಮೀಟರಿಗಿಂತ ಒಂದು ಗೇಣು ಮತ್ತಷ್ಟು ಹಿಂದಕ್ಕೆ ಇನ್ನೊಂದು ಗೆರೆ ಎಳೆಯಲು ಮರೆಯಬಾರದು. ಮೈಲು ಆರಂಭವಾಗುವುದು ಅಲ್ಲಿಂದ.