ಮಾನಸಗಂಗೋತ್ರಿಯ ಪರಿಸರದಲ್ಲಿ

ಮೈಸೂರಿಗೆ ಹೋಗುವ ಗೃಹಸ್ಥರು ಅರಮನೆ, ಚಾಮುಂಡಿ ಬೆಟ್ಟ, ಮೃಗಾಲಯ, ಕನ್ನಂಬಾಡಿ ಕಟ್ಟೆ ಇವಿಷ್ಟನ್ನು ನೋಡಿಕೊಂಡು ತೃಪ್ತರಾಗಿ ಹಿಂದಿರುಗುವುದು ವಾಡಿಕೆ. ಕುಕ್ಕರಹಳ್ಳಿ ಕೆರೆಯ ಏರಿಯ ಮೇಲೆ ಪ್ರಾತಃಕಾಲದಲ್ಲಿ ನಡೆದು, ಅದರಾಚೆಗಿರುವ ಮಾನಸಗಂಗೋತ್ರಿಯನ್ನು ಕಂಡು ಬರುವವರು ವಿರಳ. ಮನೆಯಲ್ಲಿ ಓದುವ ಮಕ್ಕಳುಳ್ಳವರು ಈ ಸ್ಥಳವನ್ನು ಅವಶ್ಯವಾಗಿ ನೋಡತಕ್ಕದ್ದು.

ಊರ ಹೊರಗಿನ ಜಮೀನುಗಳಿಗೆ ನೀರೊದಗಿಸಲೆಂದು ಮುಮ್ಮಡಿ ಕೃಷ್ಣರಾಜ ಒಡೆಯರು 1864 ರಲ್ಲಿ ಈ ಕೆರೆಯನ್ನು ಕಟ್ಟಿಸಿದರು. ಇಂದು ಇಲ್ಲಿ ಹೆಜ್ಜಾರ್ಲೆ, ನೀರುಕಾಗೆ, ಕೊಕ್ಕರೆಗಳು ನೆಲಸಿವೆ. ಮರಗಳ ನೆರಳಿನಲ್ಲಿ ಕೆರೆಯನ್ನು ಬಳಸಿ ಹೋಗುವ ಕಾಲುದಾರಿಯಲ್ಲಿ ವೃದ್ಧರು ಆರೋಗ್ಯಕ್ಕಾಗಿ ನಡೆಯುವರು. ವಿದ್ಯಾರ್ಥಿಗಳು ಇಬ್ಬಿಬ್ಬರಾಗಿ ಮಾತನಾಡುತ್ತ ನಡೆಯುವರು. 1916 ರಲ್ಲಿ ಸ್ಥಾಪಿತವಾದ ಮೈಸೂರು ವಿಶ್ವವಿದ್ಯಾನಿಲಯಕ್ಕೆ ಕುವೆಂಪು ಅವರು 1956 ರಿಂದ 1960 ರ ವರೆಗೆ ಕುಲಪತಿಗಳಾಗಿದ್ದರು. ಕೆರೆಯಾಚೆಯ ಉನ್ನತ ವ್ಯಾಸಂಗದ ಕೇಂದ್ರಕ್ಕೆ ಮಾನಸಗಂಗೋತ್ರಿ ಎಂಬ ಹೆಸರನ್ನಿಟ್ಟವರು ಅವರೇ. ಗಂಗೋತ್ರಿಯೆಂದರೆ ನದಿಯ ಮೂಲಸ್ಥಾನ. ಇಲ್ಲಿ ಹರಿಯತಕ್ಕದ್ದು ಮನಸ್ಸು. ವಿದ್ಯೆಗೆ ಮೂಲವಾದ ಆ ಮನಸ್ಸು ಕದಡಿದರೆ ಗತಿಯೇನು ಎಂಬ ವಿಚಾರವನ್ನು ಈ ಹೆಸರು ನಮ್ಮಲ್ಲಿ ಎಬ್ಬಿಸುತ್ತದೆ.

ಈ ವಿಚಾರವು ಕೇವಲ ಶಬ್ದಾರ್ಥದ್ದಲ್ಲ. 2020 ರ ಮಾರ್ಚ್ ತಿಂಗಳಲ್ಲಿ ಕೊರೋನಾ ವ್ಯಾಧಿಯ ಭಯದಿಂದ ವಿದ್ಯಾಶಾಲೆಗಳು ಮುಚ್ಚಿದವು. 25 ರಿಂದ ದೇಶವೆಲ್ಲ ಬಾಗಿಲು ಹಾಕಿಕೊಂಡಿತು. ವಿದ್ಯಾರ್ಥಿನಿಲಯಗಳು ಬರಿದಾದವು. ಪಾಠಗಳು ಮೊಬೈಲ್ ಫೋನಿಗೆ ಬಂದವು. ಪರೀಕ್ಷೆ ನಡೆಯುವುದೋ ಇಲ್ಲವೋ ಎಂಬ ಸಂದೇಹವು ತಿಂಗಳುಗಟ್ಟಲೆ ಉಳಿಯಿತು. ಅಂತಿಮ ವರ್ಷದವರು ಪರೀಕ್ಷೆ ಬರೆಯಲೇಬೇಕೆಂಬುದು ಆಗಸ್ಟ್ 28 ರ ಸರ್ವೋಚ್ಚ ನ್ಯಾಯಾಲಯದ ತೀರ್ಪಿನಿಂದಲೇ ಇತ್ಯರ್ಥವಾಯಿತು. ಮರುವರ್ಷದ ಮೇ ತಿಂಗಳ ಆರಂಭದಲ್ಲಿ ನೆರೆಯ ಚಾಮರಾಜನಗರದ ಆಸ್ಪತ್ರೆಯಲ್ಲಿ ಆಮ್ಲಜನಕದ ಅಭಾವದಿಂದ ರೋಗಿಗಳು ಪ್ರಾಣಬಿಟ್ಟ ವಾರ್ತೆಯನ್ನು ಕೇಳಿ ಈ ಸೀಮೆಯ ಮನೆಮನೆಯೂ ನಡುಗಿತು.

ಹೆಗ್ಗಡದೇವನಕೋಟೆಯ ಕಡೆಯಿಂದ ಬಂದು ಇಲ್ಲಿ ಎಂ.ಎ. ಓದುತ್ತಿದ್ದ ನನ್ನ ಹಳೆಯ ಶಿಷ್ಯನೊಬ್ಬನು ಆಗ ಊರಿಗೆ ಮರಳಿದನು. ಎರಡು ಕೋಣೆಯ ಮನೆ, ಆರು ಮಂದಿ. ತಂದೆಯ ವ್ಯಾಪಾರ ನಿಂತಿತ್ತು. ಪಾಠ ಕೇಳಬೇಕಾದರೆ ದಿಣ್ಣೆ ಹತ್ತಿ ಫೋನು ಹಿಡಿದು ನಿಲ್ಲಬೇಕು. ಕ್ರಮೇಣ ಅವನು ದಿಣ್ಣೆ ಹತ್ತುವುದನ್ನು ಬಿಟ್ಟನು; ಊಟ ಸೇರಲಿಲ್ಲ; ರಾತ್ರಿಯೆಲ್ಲ ಎಚ್ಚರ, ಹಗಲೆಲ್ಲ ಮುಸುಕು. ಮನೆಯವರು ಇದನ್ನು ಸೋಮಾರಿತನವೆಂದು ಬಗೆದರು. “ಊರಿಗೆ ಬಂದದ್ದು ನಿನಗೂ ಬಂದಿದೆ, ನಿನ್ನದೇನು ವಿಶೇಷ?” ಎಂದು ತಂದೆಯು ಗದರಿಸಿದರು. ಬಹಳ ಕಾಲದ ಮೇಲೆ ಅವನು ನನಗೆ ಹೇಳಿದ ಮಾತು ಇದು: “ಮೇಷ್ಟ್ರೇ, ಹಾಸ್ಟೆಲಿನಲ್ಲಿದ್ದಾಗ ಬೇಜಾರಾದರೆ ಸ್ನೇಹಿತರೊಡನೆ ಕೆರೆ ಒಂದು ಸುತ್ತು ಹಾಕಿ ಬರುತ್ತಿದ್ದೆ. ಮನೆಯಲ್ಲಿ ಅಳುವುದಕ್ಕೂ ಜಾಗವಿರಲಿಲ್ಲ.”

ತಂದೆಯ ಆ ಮಾತನ್ನು ನಾವೆಲ್ಲರೂ ಆಡಿದವರೇ. ಸಾರ್ವಜನಿಕ ವಿಪತ್ತಿನ ವಿಶೇಷ ಕ್ರೌರ್ಯವಿರುವುದು ಇಲ್ಲಿಯೇ. ಒಬ್ಬನಿಗೆ ಮಾತ್ರ ಕಷ್ಟ ಬಂದರೆ ಹತ್ತು ಜನ ಸಂತೈಸುವರು. ಎಲ್ಲರಿಗೂ ಬಂದರೆ ಒಬ್ಬೊಬ್ಬನ ದುಃಖವೂ ಲೆಕ್ಕಕ್ಕೆ ಬಾರದೆ ಹೋಗುತ್ತದೆ. ಇಪ್ಪತ್ತರ ಪ್ರಾಯದವರಿಗೆ ಇದು ಇನ್ನೂ ಕಠಿಣ. ಹಿರಿಯರು ಕಳೆದುಕೊಳ್ಳುವುದು ಕೈಯಲ್ಲಿದ್ದುದನ್ನು. ಅವರು ಕಳೆದುಕೊಳ್ಳುವುದು ಮುಂದೆ ಬರಬೇಕಾದುದನ್ನು. ಕಾಣದ ನಷ್ಟಕ್ಕೆ ಅಳುವವನನ್ನು ಲೋಕವು ದುರ್ಬಲನೆನ್ನುತ್ತದೆ.

ಅರ್ಜುನನು ದುರ್ಬಲನೇ? ರಣರಂಗದಲ್ಲಿ ಎಲ್ಲರ ಮೇಲೂ ಒದಗಿದ ವಿಪತ್ತಿನ ನಡುವೆ ಅವನ ಮೈ ನಡುಗಿತು, ಬಾಯಿ ಒಣಗಿತು, ಬಿಲ್ಲು ಜಾರಿತು. ಗೀತೆಯ ಮೊದಲನೆಯ ಅಧ್ಯಾಯದ ಹೆಸರೇ ವಿಷಾದಯೋಗ. ಅಲ್ಲಿ ಅರ್ಜುನನು ತನ್ನ ಸಂಕಟವನ್ನೆಲ್ಲ ಹೇಳಿಕೊಳ್ಳುವನು. ಅದಕ್ಕೆ ಕೃಷ್ಣನ ಉತ್ತರವು ಬರುವುದು ಎರಡನೆಯ ಅಧ್ಯಾಯದಲ್ಲಿ. ನಮ್ಮ ಮನೆಗಳಲ್ಲಿ ಮೊದಲನೆಯ ಅಧ್ಯಾಯಕ್ಕೆ ಅವಕಾಶವಿಲ್ಲ. ಬಾಯಿ ತೆರೆದೊಡನೆ ಉಪದೇಶ.

ನನ್ನ ಶಿಷ್ಯನನ್ನು ಉಳಿಸಿದವಳು ಅವನ ಸೋದರತ್ತೆ. “ಯಾಕೋ ಮಗಾ, ನಿದ್ದೆ ಬರೋದಿಲ್ವ?” ಎಂದು ಪಕ್ಕದಲ್ಲಿ ಕುಳಿತು ಕೇಳಿ, ಅವನು ಹೇಳಿ ಮುಗಿಸುವವರೆಗೆ ಆಕೆ ಎದ್ದು ಹೋಗಲಿಲ್ಲ. ಅನಂತರ ಮೈಸೂರಿನ ಮನೋವೈದ್ಯರಲ್ಲಿಗೆ ಕರೆದುಕೊಂಡು ಹೋದರು. ಔಷಧವೂ ಮಾತೂ ಕೂಡಿ ಕೆಲವು ತಿಂಗಳಲ್ಲಿ ಗುಣವಾಯಿತು. ಈಗ ಅವನು ಪ್ರೌಢಶಾಲೆಯಲ್ಲಿ ಅಧ್ಯಾಪಕ.

ವಾಚಕರು ಕೆಲವು ಸಂಗತಿಗಳನ್ನು ಮನಸ್ಸಿನಲ್ಲಿಡಬೇಕು. ನಿದ್ರೆ, ಆಹಾರ, ಓದು, ಸ್ನೇಹಗಳಲ್ಲಿನ ಬದಲಾವಣೆಯೂ ದುಗುಡವೂ ಎರಡು ವಾರಕ್ಕಿಂತ ಹೆಚ್ಚು ಕಾಲ ನಿಂತರೆ ವೈದ್ಯರಿಗೆ ತೋರಿಸತಕ್ಕದ್ದು. ಬದುಕು ಸಾಕೆನಿಸುತ್ತಿದೆಯೇ ಎಂದು ನೇರವಾಗಿ ಕೇಳುವುದರಿಂದ ಆ ಯೋಚನೆ ಹುಟ್ಟುವುದಿಲ್ಲ; ಒಳಗೆ ಬಚ್ಚಿಟ್ಟಿದ್ದರೆ ಹೊರಬರುತ್ತದೆ. ಹೌದೆಂದರೆ ಒಂಟಿಯಾಗಿ ಬಿಡದೆ ಆಗಲೇ ವೈದ್ಯರಲ್ಲಿಗೆ ಕರೆದೊಯ್ಯಬೇಕು. 2022 ರ ಅಕ್ಟೋಬರ್ 10 ರಂದು ಆರಂಭವಾದ ಟೆಲಿಮಾನಸ್ ಎಂಬ ಸರಕಾರಿ ಸೇವೆಗೆ 14416 ಎಂಬ ಸಂಖ್ಯೆಯಲ್ಲಿ ಹಗಲಿರುಳೂ ಕರೆ ಮಾಡಬಹುದು, ಕನ್ನಡದಲ್ಲಿಯೇ ಮಾತನಾಡಬಹುದು. ನೂರು ಅಥವಾ ಹೆಚ್ಚು ವಿದ್ಯಾರ್ಥಿಗಳಿರುವ ಸಂಸ್ಥೆಯು ಅರ್ಹ ಆಪ್ತಸಮಾಲೋಚಕರನ್ನು ನೇಮಿಸಬೇಕೆಂದು 2025 ರ ಜುಲೈಯಲ್ಲಿ ಸರ್ವೋಚ್ಚ ನ್ಯಾಯಾಲಯವು ನಿರ್ದೇಶಿಸಿದೆ. ಮಕ್ಕಳನ್ನು ಸೇರಿಸುವಾಗ ಶುಲ್ಕವನ್ನು ವಿಚಾರಿಸುವಂತೆ ಇದನ್ನೂ ವಿಚಾರಿಸುವುದು ಯುಕ್ತ.

ಇಂದು ನಿಮ್ಹಾನ್ಸ್ ಎಂದು ಹೆಸರಾಗಿರುವ ಬೆಂಗಳೂರಿನ ಸಂಸ್ಥೆಯ ಪೂರ್ವರೂಪವಾದ ಹುಚ್ಚರ ಆಸ್ಪತ್ರೆಗೆ 1925 ರಲ್ಲಿಯೇ ಮಾನಸಿಕ ಆಸ್ಪತ್ರೆಯೆಂದು ನಾಮಕರಣವಾಯಿತು. ಸರಕಾರವು ಬಿಟ್ಟ ಮಾತನ್ನು ನೂರು ವರ್ಷಗಳಾದರೂ ನಾವು ಮನೆಯೊಳಗೆ ಬಿಟ್ಟಿಲ್ಲ. ಮಗನೋ ಮಗಳೋ ದೂರದ ವಿದ್ಯಾರ್ಥಿನಿಲಯದಿಂದ ರಜೆಗೆ ಬಂದಾಗ ಅಂಕಗಳನ್ನು ಕೇಳುವುದಕ್ಕೆ ಮುಂಚೆ ನಿದ್ರೆಯನ್ನು ಕೇಳೋಣ. ಉತ್ತರ ಬರುವವರೆಗೆ ಎದ್ದು ಹೋಗದೆ ಕುಳಿತಿರೋಣ.